ಸರಪಳಿಗೆ ತೂಗುಹಾಕಿದ ಯುರೋಪು

ಯುರೋಪಿನ ತೂಕ ಒಂದು ಟನ್ನಿಗೆ ಸ್ವಲ್ಪ ಕಡಿಮೆ ಇತ್ತು. ಆಂಗ್ ಮೋ ಕಿಯೋ ಎಂಬ ಬಡಾವಣೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಅದು ಲಾರಿಯಲ್ಲಿ ತುಂಡು ತುಂಡಾಗಿ ಬಂದಿಳಿಯಿತು. ಒಂದು ದೊಡ್ಡ ಉಕ್ಕಿನ ಬಳೆ, ಅದರಿಂದ ತೂಗಬೇಕಾದ ಏಳು ಫಲಕಗಳು, ಒಂದು ಪೆಟ್ಟಿಗೆಯ ತುಂಬ ವೈರು, ರಾಟೆ, ಸ್ಪ್ರಿಂಗು, ಕೊಕ್ಕೆ. ಒಂದೊಂದು ಫಲಕವನ್ನೂ ಒಂದೊಂದು ದೇಶದ ಆಕಾರಕ್ಕೆ ಕತ್ತರಿಸಿದ್ದರು. ನನಗೆ ಆ ಆಕಾರಗಳು ಗೊತ್ತಿರಲಿಲ್ಲ. ನಾನು ಶಾಲೆ ಬಿಟ್ಟಾಗ ನಮ್ಮ ಭೂಗೋಳದ ಪುಸ್ತಕ ಇನ್ನೂ ಏಷ್ಯಾ ದಾಟಿರಲಿಲ್ಲ. ರಷ್ಯಾ ಎಲ್ಲಕ್ಕಿಂತ ಭಾರ, ಬೆಲ್ಜಿಯಂ ಎಲ್ಲಕ್ಕಿಂತ ಹಗುರ, ಜರ್ಮನಿಯ ಅಂಚು ಕೈ ಕೊಯ್ಯುತ್ತದೆ. ನಾನು ಮೊದಲ ದಿನ ಕಲಿತದ್ದು ಇಷ್ಟು.

ಕೆಲಸ ಹೀಗಿತ್ತು. ಪೇಟೆಯ ನಡುವಿನ ಒಂದು ಗ್ಯಾಲರಿಯಲ್ಲಿ ಮೊದಲನೆಯ ಮಹಾಯುದ್ಧ ಯಾಕೆ ಹುಟ್ಟಿತು ಎಂಬ ಪ್ರದರ್ಶನ. ನಡುವಿನ ಹಾಲಿನ ಚಾವಣಿಗೆ ಈ ಬಳೆಯನ್ನು ತೂಗುಹಾಕಬೇಕು. ನೋಡಲು ಬಂದವರು ಕಟಾಂಜನದ ಬಳಿ ನಿಂತು ಸರಾಯೆವೊ ಎಂದು ಬರೆದ ಸಣ್ಣ ಹಿತ್ತಾಳೆಯ ಗುಂಡಿ ಒತ್ತಿದರೆ, ಆಸ್ಟ್ರಿಯಾ-ಹಂಗೇರಿಯ ಚಿಲಕ ಬಿಚ್ಚಿ ಅದು ಒಂದು ಮೊಳದಷ್ಟು ಕೆಳಗೆ ಬೀಳಬೇಕು. ಬೀಳುತ್ತ ತನ್ನ ವೈರು ಎಳೆದು ಸರ್ಬಿಯಾವನ್ನು ಬೀಳಿಸಬೇಕು. ಸರ್ಬಿಯಾ ರಷ್ಯಾವನ್ನು, ರಷ್ಯಾ ಜರ್ಮನಿಯನ್ನು, ಜರ್ಮನಿ ಫ್ರಾನ್ಸ್ ಮತ್ತು ಬೆಲ್ಜಿಯಂ ಎರಡನ್ನೂ, ಕೊನೆಗೆ ಬೆಲ್ಜಿಯಂ ಬ್ರಿಟನ್ನನ್ನು. ಎಲ್ಲವೂ ಸರಪಳಿಗೆ ತಗುಲಿ ಜನರ ತಲೆಗಿಂತ ಮೇಲೆಯೇ ನಿಲ್ಲಬೇಕು. ಸದ್ದು ಮಾತ್ರ ಜೋರಾಗಿರಬೇಕು. ಅದು ಗ್ಯಾಲರಿಯವರ ಆಸೆ.

ನಾನು ಲಿಫ್ಟಿಂಗ್ ಸೂಪರ್‌ವೈಸರ್. ಭಾರವನ್ನು ಎಲ್ಲಿ ಕಟ್ಟಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎತ್ತಬೇಕು ಎಂದು ಹೇಳುವವನು. ಬೆನ್ನ ಮೇಲೆ ಆ ಎರಡು ಇಂಗ್ಲಿಷ್ ಪದ ಬರೆದ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡೇ ನಾನು ಎಂಆರ್‌ಟಿ ರೈಲಿನಲ್ಲಿ ಮನೆಗೆ ಹೋಗುತ್ತಿದ್ದೆ. ಬಿಚ್ಚಿ ಚೀಲದಲ್ಲಿ ಇಡುವ ಸಂಕೋಚ ನನಗೆ ಎಂದೂ ಬರಲಿಲ್ಲ. ನನ್ನ ಕೈಕೆಳಗೆ ಇದುವರೆಗೆ ಒಂದು ಹೊರೆಯೂ ನೆಲಕ್ಕೆ ಬಿದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆದರೆ ಆ ಹೊತ್ತಿಗೆ ಜಾಕೆಟ್ಟು ನನ್ನ ಮೈಯಿಂದ ಹೋಗುವುದರಲ್ಲಿತ್ತು. ಯುರೋಪು ಬರುವ ಮುಂಚಿನ ವಾರ ಬಾಸ್ ಆಫೀಸಿಗೆ ಕರೆದ. ಇಲ್ಲಿಯ ಚೀನೀ ಮನುಷ್ಯ, ತಾನೇ ಸರಪಳಿ ಎಳೆದು ಮೇಲೆ ಬಂದವನು, ಕೆಟ್ಟವನಲ್ಲ.

“ಯೂ ವೆರಿ ಸ್ಲೋ ಆಲ್ರೆಡಿ, ನೋ ಆರ್ ನಾಟ್?” ಎಂದ. ಮೂರು ಸೈಟಿನಲ್ಲಿ ನಾನು ಸುಮ್ಮಸುಮ್ಮನೆ ಕೆಲಸ ನಿಲ್ಲಿಸಿದೆನಂತೆ. ಗಾಳಿ ಇಲ್ಲದಿದ್ದರೂ ಗಾಳಿ ಅಂದೆನಂತೆ. “ದಿಸ್ ಒನ್ ಲಾಸ್ಟ್ ಚಾನ್ಸ್. ಲೇಟ್ ಅಗೇನ್, ಯೂ ಗೋ ಸ್ಟೋರ್, ಸಿಟ್ ಡೌನ್, ಕೌಂಟ್ ಶ್ಯಾಕಲ್.”

ಸ್ಟೋರ್ ಅಂದರೆ ಬೆಲ್ಟು, ಕೊಕ್ಕೆ, ಶ್ಯಾಕಲ್ ಎಂಬ ಉಕ್ಕಿನ ಕೊಂಡಿಗಳನ್ನು ಇಡುವ ವರ್ಕ್‌ಶಾಪಿನ ಹಿಂಬದಿಯ ಕೋಣೆ. ಬೆನ್ನು ಹೋದವರನ್ನು ಅಲ್ಲಿ ಕೂರಿಸುತ್ತಾರೆ. ನನ್ನ ಬೆನ್ನು ಗಟ್ಟಿಯಾಗಿತ್ತು. ನಾನು ಸರಿ ಅಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಬರುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಹಾಕಿದ್ದಾರೋ ಇಲ್ಲವೋ ಲೋಟ ಖಾಲಿಯಾದರೂ ತಿಳಿಯುತ್ತಿರಲಿಲ್ಲ.

ಕಾರಣ ಬಾಸಿಗೂ ಗೊತ್ತಿತ್ತು. ನಮ್ಮ ಊರ ಕಡೆಯ ಗೆಳೆಯನೊಬ್ಬ, ನಾನು ಬಂದ ವಿಮಾನದಲ್ಲೇ ಪಕ್ಕದ ಸೀಟಿನಲ್ಲಿ ಕೂತು ಈ ದೇಶಕ್ಕೆ ಬಂದವನು, ಪಶ್ಚಿಮದ ಕಡೆಯ ಒಂದು ಯಾರ್ಡಿನಲ್ಲಿ ಕೆಲಸಕ್ಕಿದ್ದ. ಆ ವರ್ಷದ ಆರಂಭದಲ್ಲಿ ಎತ್ತುತ್ತಿದ್ದ ತೊಲೆಯೊಂದು ಅವನ ಮೇಲೆ ಬಿತ್ತು. ತೊಲೆಯ ಚೂಪು ಅಂಚಿಗೆ ಎತ್ತುವ ಬೆಲ್ಟ್ ತಾಗದಂತೆ ನಡುವೆ ರಬ್ಬರ್ ಇಡಬೇಕು. ಇಟ್ಟಿರಲಿಲ್ಲ. ಬೆಲ್ಟ್ ಕುಯ್ದುಕೊಂಡು ಹೋಯಿತು. ಅವನ ಹೆಣ ಊರಿಗೆ ಹೋದ ಮೇಲೆ ಒಂದು ಭಾನುವಾರ ಅವನ ಜೊತೆಗಾರರು ಹೌಗಾಂಗಿನ ನಮ್ಮ ಬ್ಲಾಕಿಗೆ ಬಂದರು. ಮೇಲೆ ಬರಲು ಒಪ್ಪದೆ ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದಡಿಯ ತೆರೆದ ಜಾಗದಲ್ಲಿ, ಕಲ್ಲು ಮೇಜಿನ ಸುತ್ತ ಕೂತರು. ನನ್ನ ಹೆಂಡತಿ ಚಹಾ ತಂದು ಕೊಟ್ಟಳು. ಒಬ್ಬ ಹೇಳಿದ, ರಬ್ಬರ್ ಇಲ್ಲದ್ದು ನಾನು ನೋಡಿದ್ದೆ. ಇನ್ನೊಬ್ಬ ತಲೆ ತಗ್ಗಿಸಿ, ನಾನೂ ನೋಡಿದ್ದೆ ಅಂದ. ಮೂರನೆಯವನೂ ಅದನ್ನೇ ಅಂದ. ಸೂಪರ್‌ವೈಸರ್ ನೋಡಿರ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹೆಂಡತಿ ಖಾಲಿ ಟ್ರೇ ಹಿಡಿದು ನಿಂತೇ ಇದ್ದಳು.

ಅಲ್ಲಿಂದ ನಾನು ನಿಧಾನವಾದದ್ದು ಹೌದು.

ಯುರೋಪನ್ನು ಜೋಡಿಸಲು ಬಳೆಯನ್ನು ವರ್ಕ್‌ಶಾಪಿನಲ್ಲೇ ನಾಲ್ಕು ಎತ್ತರದ ಕಾಲುಗಳ ಮೇಲೆ ಕೂರಿಸಿದೆವು. ನನ್ನ ಜೊತೆ ತಂಜಾವೂರು ಕಡೆಯ ಒಬ್ಬ ಸಿಗ್ನಲ್‌ಮ್ಯಾನ್ ಇದ್ದ. ಕೈಸನ್ನೆಯಲ್ಲಿ ಏರಿಸು ಇಳಿಸು ಹೇಳುವುದು ಅವನ ಕೆಲಸ, ಬಾಯಿಗೆ ಬಿಡುವು ಕೊಡದಿರುವುದು ಅವನ ಗುಣ. ತಮಿಳು, ಇಂಗ್ಲಿಷು, ನನ್ನಿಂದ ಕಲಿತ ಕನ್ನಡ ಮೂರನ್ನೂ ಕಲಸಿ ಮಾತಾಡುವನು. ಗ್ಯಾಲರಿಯಿಂದ ದಿನವೂ ಒಬ್ಬ ಹುಡುಗಿ ಬರುತ್ತಿದ್ದಳು. ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್, ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವಳು. ಮೊದಲೆರಡು ದಿನ ಅವಳ ಇಂಗ್ಲಿಷು ನನಗೆ ಅರ್ಧ, ನನ್ನ ಇಂಗ್ಲಿಷು ಅವಳಿಗೆ ಅರ್ಧ. ಮೂರನೆಯ ದಿನ ರಷ್ಯಾದ ಮೂಲೆ ನನ್ನ ಕಾಲಿಗೆ ಬಡಿಯಿತು.

“ಇದರ ಮನಿ ಹಾಳಾಗ, ಏನ್ ವಜ್ಜಾ ಐತ್ಲೇ ಇದು!” ಅಂದೆ.

ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. “ಅಂಕಲ್! ನೀವು ಕನ್ನಡದವ್ರಾ? ಓ ಗಾಡ್, ಮೊದಲೇ ಹೇಳ್ಬಾರ್ದಾ ಲಾ!”

“ನೀವು ಕೇಳಲಿಲ್ಲ ಮೇಡಂ.”

“ಮೇಡಂ ಎಲ್ಲಾ ಬೇಡ ಪ್ಲೀಸ್. ನಾನು ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಇಲ್ಲೇ, ಪಾಸಿರ್ ರಿಸ್. ಅಪ್ಪ ಅಮ್ಮ ಗದಗ. ನೀವು ಬಯ್ದಿದ್ದು ಸೇಮ್ ನಮ್ಮ ಅಜ್ಜಿ ಥರ ಇತ್ತು.”

ಅಂದಿನಿಂದ ಕೆಲಸ ಕನ್ನಡದಲ್ಲಿ ನಡೆಯಿತು. ಅವಳು ವೈರುಗಳಿಗೆ ಒಂದೊಂದು ಹೆಸರಿನ ಚೀಟಿ ಕಟ್ಟಿದಳು. ಈ ವೈರು ಒಪ್ಪಂದ, ನೀನು ಬಿದ್ದರೆ ನಾನೂ ಬೀಳುತ್ತೇನೆ ಎಂದು ದೇಶಗಳು ಬರೆದುಕೊಂಡದ್ದು. ಈ ಸ್ಪ್ರಿಂಗು ಜರ್ಮನಿ ಮತ್ತು ಬ್ರಿಟನ್ನಿನ ಯುದ್ಧನೌಕೆಗಳ ಪೈಪೋಟಿ. ಇದು ವಸಾಹತುಗಳ ಜಗಳ, ಇದು ಬಾಲ್ಕನ್ ಸೀಮೆಯ ಜನರ ಸ್ವಂತ ರಾಜ್ಯದ ಹಟ. ರಷ್ಯಾದಿಂದ ಜರ್ಮನಿಗೆ ಹೋಗುವ ದಪ್ಪ ವೈರು ರೈಲ್ವೆ ವೇಳಾಪಟ್ಟಿ.

“ರೈಲಿಗೂ ಯುದ್ಧಕ್ಕೂ ಏನು ಸಂಬಂಧ?” ಎಂದು ಕೇಳಿದೆ.

“ಅಂಕಲ್, ಲಕ್ಷಗಟ್ಲೆ ಸೋಲ್ಜರ್ಸ್‌ನ ಬಾರ್ಡರ್‌ಗೆ ಕಳಿಸಬೇಕು ಅಂದ್ರೆ ಯಾವ ಟ್ರೇನ್ ಯಾವ ಸ್ಟೇಷನ್‌ಗೆ ಯಾವಾಗ ಅಂತ ವರ್ಷಗಟ್ಲೆ ಮೊದಲೇ ಪ್ಲಾನ್ ಮಾಡಿರ್ತಾರೆ. ಒಂದ್ಸಲ ಸ್ಟಾರ್ಟ್ ಆದ್ರೆ ಮಧ್ಯ ಚೇಂಜ್ ಮಾಡೋಕೆ ಆಗಲ್ಲ ಅಂತ ಜನರಲ್‌ಗಳೇ ನಂಬಿಬಿಟ್ಟಿದ್ರು. ಆ ಕಡೆಯೋರು ರೆಡಿ ಆಗೋಕೆ ಮುಂಚೆ ನಾವು ಸ್ಟಾರ್ಟ್ ಮಾಡ್ಬೇಕು ಅಂತ ಎಲ್ರಿಗೂ ಅರ್ಜೆಂಟು.”

ಮೊದಲ ಪರೀಕ್ಷೆಯಲ್ಲಿ ನಾನು ವೈರುಗಳನ್ನು ಕೈಬಿಗಿಗೆ ಮಾತ್ರ ಎಳೆದಿದ್ದೆ. ಅವಳೇ ಗುಂಡಿ ಒತ್ತಿದಳು. ಆಸ್ಟ್ರಿಯಾ ಢಣ್ ಎಂದು ಬಿತ್ತು. ಸರ್ಬಿಯಾ ಸ್ವಲ್ಪ ಅಲುಗಿ ನಿಂತಿತು. ರಷ್ಯಾಕ್ಕೆ ಸುದ್ದಿಯೇ ಮುಟ್ಟಲಿಲ್ಲ.

“ಅಣ್ಣಾ, ಯುದ್ಧ ಕ್ಯಾನ್ಸಲ್!” ಎಂದ ಸಿಗ್ನಲ್‌ಮ್ಯಾನ್. “ಎಲ್ಲಾರೂ ಮನೆಗೆ ಹೋಗಿ.”

ನನಗೆ ಅವಮಾನವಾಯಿತು. ಅವಳು ಮಾತ್ರ ಚಪ್ಪಾಳೆ ತಟ್ಟಿದಳು. ನಿಜವಾಗಿಯೂ ಹೀಗೇ ಆಗಿತ್ತಂತೆ. ಯುದ್ಧಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಮೊರಾಕೊದ ವಿಷಯಕ್ಕೆ, ಬೋಸ್ನಿಯಾದ ವಿಷಯಕ್ಕೆ ದೊಡ್ಡ ದೇಶಗಳು ಮತ್ತೆ ಮತ್ತೆ ಕೆರಳಿ ನಿಂತು, ಮತ್ತೆ ತಣ್ಣಗಾಗಿದ್ದವು. ಪ್ರತಿ ಸಲ ತಣ್ಣಗಾದಾಗಲೂ ಒಬ್ಬರಿಗೆ ಅವಮಾನ ಉಳಿಯಿತು, ಮುಂದಿನ ಸಲ ಬಗ್ಗಬಾರದು ಎಂಬ ಹಟ ಉಳಿಯಿತು. ಅಂದರೆ ವೈರು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತ ಬಂತು.

ಹಾಗಾದರೆ ಬಿಗಿಯೋಣ ಎಂದು ತಿರುಪು ಕೊಂಡಿಗಳನ್ನು ಹಿಡಿದೆ. ಒಂದೊಂದನ್ನೂ ಅರ್ಧ ಸುತ್ತು ತಿರುಗಿಸುವುದು, ವೈರಿಗೆ ಬೆರಳು ಬಡಿದು ನಾದ ಕೇಳುವುದು, ಮತ್ತೆ ಅರ್ಧ ಸುತ್ತು. ಒಂದನ್ನು ಬಿಗಿದರೆ ಎದುರಿನದು ಸಡಿಲ. ಅದನ್ನು ಬಿಗಿದರೆ ಬಳೆಯೇ ವಾರೆ. ಎರಡು ದಿನ ಅದೇ ಆಯಿತು. ನನಗೆ ಅದು ಬೇಕಾಗಿತ್ತು. ಕೈಗೆ ಕೆಲಸವಿರುವ ತನಕ ತಲೆ ಖಾಲಿ ಇರುತ್ತದೆ.

ಬಿಗಿ ಹೆಚ್ಚಾಗಿಬಿಟ್ಟಿತು. ಮಧ್ಯಾಹ್ನ ನಾವು ಹೊರಗೆ ಕೂತು ಪೊಟ್ಟಣದ ಅನ್ನ ಬಿಚ್ಚುವಾಗ ಪಕ್ಕದ ಕಂಪನಿಯ ಫೋರ್ಕ್‌ಲಿಫ್ಟೊಂದು ರಸ್ತೆಯ ಹಳ್ಳ ಹಾರಿ ಹೋಯಿತು. ನೆಲ ನಡುಗಿದ್ದೇ ಸಾಕಾಯಿತು. ಒಳಗೆ ಢಣ್, ಢಣ್, ಢಣ್ ಎಂದು ಇಡೀ ಯುರೋಪು ಬಿತ್ತು. ಒಳಗೆ ಯಾರೂ ಇರಲಿಲ್ಲ. ಗುಂಡಿ ಯಾರೂ ಒತ್ತಿರಲಿಲ್ಲ.

ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. “ಇದು ತಪ್ಪು ಅಂಕಲ್. ಹೀಗೆ ಬೇಡ.”

“ಬಿದ್ದಿದ್ದು ಒಳ್ಳೇದೇ ಆಯ್ತಲ್ಲ. ಸದ್ದೂ ಜೋರಿತ್ತು.”

“ಇಲ್ಲ, ಹೀಗೆ ಇಟ್ರೆ ಅದು ತಾನಾಗೇ ಬಿತ್ತು, ಯಾರೂ ಏನೂ ಮಾಡೋಕೆ ಆಗ್ತಿರ್ಲಿಲ್ಲ ಅಂತ ಆಗುತ್ತೆ. ತುಂಬಾ ಜನ ಹಾಗೇ ಬರೆದಿದಾರೆ. ನಾನು ಒಪ್ಪಲ್ಲ. ಯಾರೂ ಮುಟ್ಟದೆ ಇದ್ರೆ ನಿಂತಿರಬೇಕು. ಮುಟ್ಟಿದ್ರೆ ಫುಲ್ ಬೀಳ್ಬೇಕು. ಆ ಟೆನ್ಷನ್ ಬೇಕು ನಂಗೆ.”

“ಅಂಥ ಬಿಗಿಯಲ್ಲಿ ಯಾರೂ ಹೊರೆ ನಿಲ್ಲಿಸಿ ಹೋಗಲ್ಲಮ್ಮ. ನಮ್ಮಲ್ಲಿ ಅದಕ್ಕೆ ಬಯ್ತಾರೆ.”

“ಅವ್ರು ನಿಲ್ಲಿಸಿದ್ರು” ಎಂದಳು.

ಆ ಬಿಗಿ ಸಿಗಲು ವಾರ ಹಿಡಿಯಿತು. ಸಿಕ್ಕ ಮೇಲೂ ಬ್ರಿಟನ್ ಬೀಳಲಿಲ್ಲ. ಬೆಲ್ಜಿಯಂ ಹಗುರ, ಅದರ ಎಳೆತ ಸಾಲದು. ಎಣ್ಣೆ ಹಾಕಲೇ ಅಣ್ಣಾ ಎಂದು ಸಿಗ್ನಲ್‌ಮ್ಯಾನ್ ಏಣಿ ಹತ್ತಿದ. ನಿಜವಾದ ಬ್ರಿಟನ್ನಿನಲ್ಲಿಯೂ ಕೊನೆಯ ತನಕ ಮಂತ್ರಿಗಳಲ್ಲೇ ಒಮ್ಮತ ಇರಲಿಲ್ಲ, ಜರ್ಮನ್ ಸೈನ್ಯ ಬೆಲ್ಜಿಯಂ ಒಳಗೆ ಕಾಲಿಟ್ಟ ಮೇಲೇ ಗಟ್ಟಿಯಾದದ್ದು ಎಂದು ಹುಡುಗಿ ಕೆಳಗಿನಿಂದ ಕೂಗಿ ಹೇಳಿದಳು. ನಾನು ಚಿಲಕದ ನಾಲಿಗೆಯನ್ನು ಅರದಿಂದ ಉಜ್ಜಿ ಸಣ್ಣ ಮಾಡಿದೆ. ಬ್ರಿಟನ್ ಬಿತ್ತು.

ಆ ಸಂಜೆ ನಾನು ಕೇಳಿದೆ. “ಕೊನೆಗೂ ಕಾರಣ ಯಾವುದು? ಗುಂಡಿನಾ, ವೈರಾ?”

“ಎಕ್ಸಾಮ್‌ನಲ್ಲಿ ಎರಡೂ ಬರೀಬೇಕು” ಎಂದು ನಕ್ಕಳು. “ಲಾಂಗ್ ಟರ್ಮ್ ಕಾಸಸ್ ವೈರು, ಇಮ್ಮೀಡಿಯೇಟ್ ಕಾಸ್ ಗುಂಡಿ. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ್ನ ಒಬ್ಬ ಹುಡುಗ ಶೂಟ್ ಮಾಡಿದ. ಆದ್ರೆ ನಂಗೆ ನಿದ್ದೆ ಕೆಡಿಸೋದು ಮಧ್ಯದ ಐದು ವಾರ ಅಂಕಲ್. ಶೂಟ್ ಆಗಿದ್ದು ಜೂನ್ ಕೊನೇಲಿ. ಎಲ್ರೂ ಬಿದ್ದಿದ್ದು ಆಗಸ್ಟ್‌ನಲ್ಲಿ. ಅಷ್ಟು ಟೈಮ್ ಇತ್ತು. ನೋಡ್ತಾ ಇದ್ರು.”

“ಯಾರೂ ಸ್ಟಾಪ್ ಅನ್ನಲಿಲ್ಲವಾ?”

“ಒಬ್ರು ಅಂದ್ರು. ರಷ್ಯಾದ ದೊರೆ ಫುಲ್ ಸೈನ್ಯ ಹೊರಡಿಸೋಕೆ ಆರ್ಡರ್ ಕೊಟ್ಟು, ಜರ್ಮನ್ ದೊರೆಯ ಟೆಲಿಗ್ರಾಂ ಬಂದ ಮೇಲೆ, ಅವರಿಬ್ರೂ ಕಸಿನ್ಸ್, ಬೇಡ ನಿಲ್ಸಿ ಅಂದ. ಮಾರನೇ ದಿನ ಮಂತ್ರಿ, ಜನರಲ್‌ಗಳು ಕೂತು ಒಪ್ಪಿಸಿದ್ರು. ಮತ್ತೆ ಹೊರಡಿಸಿದ. ಆಮೇಲೆ ಜರ್ಮನ್ ದೊರೆ ಕೂಡ, ಬರೀ ಒಂದು ಕಡೆ ಹೋಗೋಣ, ಫ್ರಾನ್ಸ್ ಕಡೆ ಬೇಡ ಅಂದ. ಆಗಲ್ಲ, ಪ್ಲಾನ್ ಹಾಗಿಲ್ಲ ಅಂದ್ರು.”

ನಾನು ನಮ್ಮ ಕಡೆಯ ನಿಯಮ ಹೇಳಿದೆ. ಎತ್ತುವಾಗ ಏರಿಸು, ಇಳಿಸು, ಎಡಕ್ಕೆ, ಬಲಕ್ಕೆ ಎಂದು ಸನ್ನೆ ಮಾಡುವವನು ಒಬ್ಬನೇ. ಬೇರೆಯವರು ಸನ್ನೆ ಮಾಡಿದರೆ ಸರಪಳಿ ಎಳೆಯುವವರು ನೋಡಬಾರದು. ಆದರೆ ನಿಲ್ಲಿಸು ಎಂಬ ಸನ್ನೆ ಮಾತ್ರ ಯಾರು ಮಾಡಿದರೂ ನಿಲ್ಲಿಸಲೇಬೇಕು. ಎರಡೂ ಕೈ ಮೇಲೆ. ಯಾಕೆ ಎಂದು ಆಮೇಲೆ ಕೇಳಬೇಕು.

“ಯಾರು ಅಂದ್ರೆ? ನಾನೂ ಮಾಡ್ಬಹುದಾ?”

“ಚಹಾ ತಂದುಕೊಡೋರು ಮಾಡಿದ್ರೂ ನಿಲ್ಲಿಸ್ತೀವಿ.”

ಅವಳು ಎರಡೂ ಕೈ ಎತ್ತಿ ನೋಡಿದಳು. “ಹೀಗಾ?” ಸಿಗ್ನಲ್‌ಮ್ಯಾನ್ ಅವಳ ಮೊಣಕೈ ನೆಟ್ಟಗೆ ಮಾಡಿಸಿ, “ಹಾಂ, ಪೊಲೀಸ್ ಹಿಡಿದ ಕಳ್ಳನ ಥರ” ಎಂದ.

ಎತ್ತುವ ದಿನ ಹಾಲಿನ ನೆಲ ನಮಗೆ ಮಧ್ಯಾಹ್ನದ ತನಕ ಮಾತ್ರ. ಆಮೇಲೆ ಕಾರ್ಪೆಟ್ಟಿನವರು ಬರುತ್ತಾರೆ, ಅವರ ಹಿಂದೆ ದೀಪದವರು, ಎರಡು ದಿನ ಬಿಟ್ಟು ಉದ್ಘಾಟನೆ. ಬಾಸ್ ತಾನೇ ಬಂದು ಗೋಡೆಗೆ ಒರಗಿ ನಿಂತ. ಚಾವಣಿಯ ತೊಲೆಗಳಿಗೆ, ಸರಪಳಿ ಎಳೆದು ಭಾರ ಎತ್ತುವ ನಾಲ್ಕು ಚೈನ್‌ಬ್ಲಾಕ್ ಕಟ್ಟಿದೆವು, ಒಂದೊಂದಕ್ಕೆ ಒಬ್ಬೊಬ್ಬ. ನಾಲ್ವರೂ ಸಮನಾಗಿ ಎಳೆದರೆ ಬಳೆ ತಟ್ಟೆಯಂತೆ ನೆಟ್ಟಗೆ ಏರುತ್ತದೆ. ಫಲಕಗಳ ಚಿಲಕಗಳಿಗೆ ಸಾಗಣೆಯ ಪಿನ್ನುಗಳನ್ನು ನಾನೇ ಬೆಳಿಗ್ಗೆ ಹಾಕಿದ್ದೆ. ಆ ಪಿನ್ನು ಇರುವ ತನಕ ಗುಂಡಿ ಒತ್ತಿದರೂ ಏನೂ ಬೀಳುವುದಿಲ್ಲ. ಎಲ್ಲರನ್ನೂ ನಿಲ್ಲಿಸಿ ದಿನವೂ ಹೇಳುವ ಮಾತು ಹೇಳಿದೆ. ಸನ್ನೆ ಇವನೊಬ್ಬನದು, ಸ್ಟಾಪ್ ಎಲ್ಲರದು. ಹುಡುಗಿ ಬಿಳಿ ಹೆಲ್ಮೆಟ್ಟು ಹಾಕಿಕೊಂಡು ಗೋಡೆಯ ಬದಿಗಿದ್ದಳು.

ಬಳೆ ನೆಲ ಬಿಟ್ಟಿತು. ಒಂದು ಗೇಣು ಎತ್ತಿ ನಿಲ್ಲಿಸಿ ನೋಡಿದೆವು. ಸಮ ಇತ್ತು. ಏರಿಸು ಎಂದೆ. ಸರಪಳಿಗಳು ಕಟಕಟ ಎಂದು ಹಲ್ಲು ಕಡಿಯುತ್ತ ಎಳೆದುಕೊಂಡವು. ತಲೆಯ ಎತ್ತರ ದಾಟಿತು. ಬಾಗಿಲ ಎತ್ತರ ದಾಟಿತು. ಇನ್ನು ಸ್ವಲ್ಪ ಹೊತ್ತಿನ ಕೆಲಸ.

ಆಗ ಅವಳು ಎರಡೂ ಕೈ ಎತ್ತಿದಳು. “ಸ್ಟಾಪ್! ಸ್ಟಾಪ್!”

ಸರಪಳಿ ಎಳೆಯುವವರು ನಿಂತರು. ಅದು ಅಭ್ಯಾಸ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

“ಫ್ರಾನ್ಸ್ ಮೇಲೆ, ಆ ಚಿಲಕದ ಹತ್ರ, ಏನೋ ಓಪನ್ ಆದ ಹಾಗೆ ಮಿಂಚಿತು” ಎಂದಳು.

ಕೆಳಗಿನಿಂದ ಚಿಲಕ ಕಾಣುವುದಿಲ್ಲ, ಅದು ಫಲಕದ ಮೇಲ್ತುದಿಯಲ್ಲಿದೆ. ತೂಗುವ ಹೊರೆಯ ಕೆಳಗೆ ಹೋಗುವಂತಿಲ್ಲ, ಏಣಿ ಹಾಕುವಂತಿಲ್ಲ. ಕಾರಣ ಕಾಣದಿದ್ದರೆ ಹೊರೆಯನ್ನು ನೆಲಕ್ಕೆ ಇಳಿಸಿ ನೋಡಬೇಕು. ನಾನು ನಡೆಸಿಕೊಂಡು ಬಂದ ಕ್ರಮ ಇದು. ಇಳಿಸಿ, ನೋಡಿ, ಮತ್ತೆ ಎತ್ತುವಷ್ಟು ಹೊತ್ತು ನಮಗೆ ಇರಲಿಲ್ಲ. ಬಾಗಿಲಲ್ಲಿ ಕಾರ್ಪೆಟ್ಟಿನ ಸುರುಳಿಗಳು ಆಗಲೇ ಬಂದು ನಿಂತಿದ್ದವು.

ಬಾಸ್ ಗೋಡೆ ಬಿಟ್ಟು ಬಂದ. “ಪಿನ್ ಇನ್ಸೈಡ್, ರೈಟ್? ಯೂ ಪುಟ್ ಯುವರ್‌ಸೆಲ್ಫ್, ರೈಟ್?”

“ಯೆಸ್ ಬಾಸ್.”

“ದೆನ್ ವಾಟ್? ಕ್ಯಾರಿ ಆನ್ ಲಾ.”

ಅವನು ಹೇಳಿದ್ದು ಸರಿ. ಪಿನ್ನು ಒಳಗಿತ್ತು. ನನ್ನ ಹೆಬ್ಬೆರಳಿಗೆ ಅದು ಕೂತ ಟಿಕ್ ಎಂಬ ಸದ್ದು ಇನ್ನೂ ನೆನಪಿತ್ತು. ಅವಳು ನೋಡಿದ್ದು ಏನೇ ಇರಲಿ, ಚಿಲಕ ತೆರೆದದ್ದಂತೂ ಅಲ್ಲ. ನನಗೆ ಇಷ್ಟು ಖಾತ್ರಿ ಬೇರೆ ಯಾವುದರಲ್ಲೂ ಇರಲಿಲ್ಲ. ಕೈಯನ್ನು ಒಂದು ಸುತ್ತು ತಿರುಗಿಸಿದ್ದರೆ ಸಾಕಾಗಿತ್ತು, ಬಳೆ ಏರುತ್ತಿತ್ತು, ಜಾಕೆಟ್ಟು ಉಳಿಯುತ್ತಿತ್ತು. ಆ ಯಾರ್ಡಿನ ಸೂಪರ್‌ವೈಸರನಿಗೂ ಖಾತ್ರಿ ಇತ್ತು ಎಂಬ ವಿಚಾರ ಆಗ ನನಗೆ ಬಂದಿತೆಂದು ಬರೆದರೆ ಸುಳ್ಳಾಗುತ್ತದೆ. ಏನೂ ಬರಲಿಲ್ಲ. ಎದೆಯಲ್ಲಿ ಏನೂ ಇರಲಿಲ್ಲ, ಬರೇ ಹಲಗೆ. ಅವಳು ಕೈ ಇಳಿಸುತ್ತಿದ್ದುದು ಕಂಡಿತು.

“ಸಾರಿ ಅಂಕಲ್, ನನ್ನ ಮಿಸ್ಟೇಕ್ ಇರ್ಬೇಕು, ನೀವು ಮಾಡಿ, ಪ್ಲೀಸ್ ಕಂಟಿನ್ಯೂ ಮಾಡಿ” ಅನ್ನುತ್ತಿದ್ದಳು.

“ಕೈ ಇಳಿಸಬೇಡಮ್ಮ” ಎಂದೆ. ಸಿಗ್ನಲ್‌ಮ್ಯಾನ್ ಕಡೆ ತಿರುಗಿ, “ಇಳಿಸು” ಎಂದೆ.

“ಅಣ್ಣಾ…”

“ನೆಲಕ್ಕೆ ಇಳಿಸು.”

ಇಳಿಸಿದೆವು. ಏಣಿ ಹಾಕಿ ನೋಡಿದೆ. ಪಿನ್ನು ಇಟ್ಟಲ್ಲೇ ಇತ್ತು. ಏನೂ ಆಗಿರಲಿಲ್ಲ. ಬಾಗಿಲ ಮೇಲಿನ ಹಸಿರು ಎಕ್ಸಿಟ್ ದೀಪ ಪಾಲಿಶ್ ಮಾಡಿದ ಫ್ರಾನ್ಸಿನ ಅಂಚಿನಲ್ಲಿ ಮಿಂಚಿತ್ತು, ಅಷ್ಟೇ. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ನಗಲಿಲ್ಲ. ಹುಡುಗಿ ಹೆಲ್ಮೆಟ್ಟು ಬಿಚ್ಚಿ ಎದೆಗೆ ಒತ್ತಿಕೊಂಡು ಅಳುತ್ತಿದ್ದಳು.

“ನಾನು ನಿಮ್ಮ ಕೆಲಸ ಹಾಳು ಮಾಡ್ದೆ.”

“ತಪ್ಪು ಸ್ಟಾಪ್ ಅಂತ ಯಾವುದೂ ಇಲ್ಲಮ್ಮ. ಸ್ಟಾಪ್ ಅಷ್ಟೇ ಇರೋದು. ಇವತ್ತು ನಿನಗೆ ನಾಚಿಕೆ ಮಾಡಿಸಿದ್ರೆ ನಾಳೆ ನೋಡಿದೋರು ಬಾಯಿ ಮುಚ್ಕೊಂಡಿರ್ತಾರೆ.”

ಕಾರ್ಪೆಟ್ಟಿನವರು ಒಳಗೆ ಬಂದರು. ನಾವು ಬಳೆಯನ್ನು ಗೋಡೆಗೆ ಸರಿಸಿ ಟಾರ್ಪಾಲು ಮುಚ್ಚಿದೆವು. ದೀಪದವರು ಒಂದು ದಿನ ತಡ, ಉದ್ಘಾಟನೆಯೂ ಮುಂದೆ ಹೋಯಿತು. ಬಾಸ್ ನನಗೆ ಬಯ್ಯಲಿಲ್ಲ. ಕಾರು ಹತ್ತುವ ಮುಂಚೆ ಹೆಗಲಿಗೆ ಕೈ ಹಾಕಿ, “ಯೂ ಗುಡ್ ಮ್ಯಾನ್. ಬಟ್ ಐ ಆಲ್ರೆಡಿ ಟೆಲ್ ಯೂ” ಎಂದ. ಮರುದಿನ ಬೆಳಿಗ್ಗೆ ಕಿತ್ತಳೆ ಜಾಕೆಟ್ಟನ್ನು ಮಡಚಿ ಸಿಗ್ನಲ್‌ಮ್ಯಾನಿನ ಕೈಗೆ ಕೊಟ್ಟೆ. ಅವನಿಗೆ ಅದು ದೊಡ್ಡದಾಗುತ್ತಿತ್ತು. ತೋಳುಗಳನ್ನು ಮಡಚಿ ಹಾಕಿಕೊಂಡ. ಬಳೆಯನ್ನು ಅವನೇ ಎತ್ತಿದ. ಚೆನ್ನಾಗಿಯೇ ಎತ್ತಿದನಂತೆ.

ನಾನು ಸ್ಟೋರಿನಲ್ಲಿ ಕೂತೆ. ಬೆಲ್ಟುಗಳನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುವುದು, ಕೊಕ್ಕೆಗಳ ಬಾಯಿ ಅಗಲವಾಗಿದೆಯೇ ಎಂದು ಅಳೆಯುವುದು, ರಬ್ಬರ್ ತುಂಡುಗಳನ್ನು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲೇ ಇಡುವುದು. ಕೆಲಸ ಕೆಲಸವೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ಹೆಂಡತಿಗೆ ಇಷ್ಟೇ ಹೇಳಿದೆ, ಜಾಗ ಬದಲಾಯಿಸಿದ್ದಾರೆ ಎಂದು. ಅವಳು ಜಾಕೆಟ್ಟಿಲ್ಲದ ಗೂಟ ನೋಡಿದಳು. “ಇರ್ಲಿ ಬಿಡ್ರಿ, ಬಿಸಲಾಗ ನಿಂದರೂದರೆ ತಪ್ಪತು” ಅಂದಳು.

ಒಂದು ದಿನ ಹುಡುಗಿ ಸ್ಟೋರಿಗೇ ಬಂದಳು. ಎರಡು ಶ್ಯಾಕಲ್ ಪೆಟ್ಟಿಗೆಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತಳು.

“ಅಂಕಲ್, ನಂಗೊಂದು ಬ್ರೇಕ್ ಮಾಡಿಕೊಡಿ. ಯಾರಾದ್ರೂ ಹಿಡಿದ್ರೆ ಅದು ಎಲ್ಲಿದ್ಯೋ ಅಲ್ಲೇ ನಿಲ್ಬೇಕು.”

“ಬೀಳೋದು ನೋಡೋಕೆ ತಾನೇ ಜನ ಬರೋದು?”

“ನಮ್ಮ ಡೈರೆಕ್ಟರ್ ಕೂಡ ಅದೇ ಅಂದ್ರು. ಸೋ, ಇದನ್ನ ಎಳೀರಿ ಅಂತ ಬೋರ್ಡ್ ಹಾಕಲ್ಲ, ಹಿಡಿ ಮಾತ್ರ ಇರುತ್ತೆ ಅಂತ ಒಪ್ಪಿಸಿದೀನಿ. ಕಟಾಂಜನಕ್ಕೆ ಒಂದು ಕೆಂಪು ಹಿಡಿ. ಎಲ್ರಿಗೂ ಕಾಣೋ ಹಾಗೆ.”

ಅದು ಕಷ್ಟದ ಕೆಲಸವಲ್ಲ. ಹಿಡಿ ಎಳೆದರೆ ಬಳೆಯ ಸುತ್ತ ಓಡುವ ಒಂದು ವೈರು ಬಿಗಿದು, ಇನ್ನೂ ಬೀಳದ ಫಲಕಗಳ ಚಿಲಕಕ್ಕೆ ಅಡ್ಡಪಿನ್ನು ಕೂರುತ್ತದೆ. ಎರಡು ಫಲಕ ಬೀಳುವ ನಡುವೆ ಎಣ್ಣೆ ತುಂಬಿದ ಕೊಳವೆಯೊಂದನ್ನು ಸೇರಿಸಿ ಬೀಳುವುದನ್ನು ನಿಧಾನ ಮಾಡಿದೆ, ನೋಡುವವರಿಗೆ ಯೋಚಿಸಲು ಸ್ವಲ್ಪ ಹೊತ್ತು ಸಿಗಲಿ ಎಂದು. ಸ್ಟೋರಿನಲ್ಲೇ ಮಾಡಿ ಸಿಗ್ನಲ್‌ಮ್ಯಾನಿನ ಕೈಲಿ ಕಳಿಸಿದೆ. ಅವನು ಹಾಕಿ ಬಂದು, “ಅಣ್ಣಾ, ಈಗ ಯುದ್ಧಕ್ಕೆ ಬ್ರೇಕ್ ಉಂಟು, ಆದರೆ ಡ್ರೈವರ್ ಇಲ್ಲ” ಎಂದ.

ಪ್ರದರ್ಶನ ತೆರೆದು ಕೆಲವು ವಾರದ ಮೇಲೆ ಅವಳ ಫೋನು ಬಂತು. ಜನ ತುಂಬಾ ಬರುತ್ತಿದ್ದಾರೆ, ಗುಂಡಿ ಒತ್ತಲು ಸಾಲು ನಿಲ್ಲುತ್ತಾರೆ. “ಹಿಡಿನ ಇನ್ನೂ ಒಬ್ರೂ ಎಳೆದಿಲ್ಲ ಅಂಕಲ್. ಮುಟ್ತಾರೆ, ನೋಡ್ತಾರೆ, ಬಿಡ್ತಾರೆ. ಬೇರೆ ಯಾರೋ ಎಳೀಬೇಕೇನೋ ಅನ್ನೋ ಥರ. ಒಮ್ಮೆ ಆಂಟಿನ ಕರ್ಕೊಂಡು ಬನ್ನಿ, ಪ್ಲೀಸ್.”

ಭಾನುವಾರ ಹೋದೆವು. ನಾನು 'ಇಲ್ಲಿ ನಾನು ಕೆಲಸ ಮಾಡಿದ್ದು' ಅಂದದ್ದು ಬಿಟ್ಟರೆ ಹೆಂಡತಿಗೆ ಬೇರೇನೂ ಹೇಳಿರಲಿಲ್ಲ. ಅವಳು ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು, ಮದುವೆಗೆ ಬಂದವಳ ಹಾಗೆ. ನಡುವಿನ ಹಾಲಿನಲ್ಲಿ ಯಾವುದೋ ಶಾಲೆಯ ಮಕ್ಕಳ ಗುಂಪು ಕಟಾಂಜನಕ್ಕೆ ನೇತುಬಿದ್ದಿತ್ತು. ಬಳೆ ನೆಟ್ಟಗೆ ತೂಗುತ್ತಿತ್ತು. ನಾಲ್ಕೂ ಕೊಂಡಿ ಸರಿಯಾಗಿ ಕಟ್ಟಿದ್ದಾರೆ ಎಂದು ನೋಡಿಕೊಂಡೆ. ಹುಡುಗಿ ದೂರದಿಂದ ಕೈ ಎತ್ತಿದಳು.

ಒಬ್ಬ ಹುಡುಗ ಗುಂಡಿ ಒತ್ತಿದ. ಆಸ್ಟ್ರಿಯಾ ಬಿತ್ತು. ಮಕ್ಕಳು ಹೋ ಎಂದರು. ಸರ್ಬಿಯಾ ಬಿತ್ತು. ಎಲ್ಲರೂ ಫೋನು ಹಿಡಿದು ಮೇಲೆ ನೋಡುತ್ತಿದ್ದರು. ರಷ್ಯಾ ಕದಲಿತು, ಬಿತ್ತು, ನೆಲ ಅದುರಿತು. ಜರ್ಮನಿಯ ವೈರು ಬಿಗಿಯತೊಡಗಿತು. ಮೇಲಿನ ಎಣ್ಣೆಯ ಕೊಳವೆ ಬುಸುಗುಡುತ್ತಿತ್ತು.

ಆಗ ಪಕ್ಕದಲ್ಲಿ ಕ್ಲಕ್ ಎಂದು ಕೇಳಿತು. ಆ ಸದ್ದು ನನಗೆ ಗೊತ್ತಿತ್ತು, ನಾನೇ ಮಾಡಿದ್ದು. ಜರ್ಮನಿ ಒಂದಿಷ್ಟು ನಡುಗಿ, ಇದ್ದಲ್ಲೇ ನಿಂತಿತು.

“ಅಯ್ಯಾ ಆಂಟೀ! ವೈ ಯೂ ಸ್ಟಾಪ್ ಲಾ!” ಎಂದು ಮಕ್ಕಳು ಕೂಗಿದರು. ಎಲ್ಲ ಫೋನುಗಳೂ ನನ್ನ ಹೆಂಡತಿಯ ಕಡೆ ತಿರುಗಿದವು.

ಅವಳ ಮುಖ ಕೆಂಪಾಯಿತು. “ತಪ್ಪಾತೇನ್ರಿ?” ಎಂದು ನನ್ನ ಕಡೆ ನೋಡಿದಳು. “ಬೀಳಾಕ ಹತ್ತಿತ್ತಲ್ರಿ, ಕೆಳಗ ಹುಡುಗರು ನಿಂತಾವ. ಎಲ್ಲಾರೂ ನೋಡಾಕತ್ತಿದ್ರು, ಯಾರೂ ಏನೂ ಅನ್ನವಲ್ರು.”

ನನಗೆ ಅಳು ಬಂತು. ತಿಂಗಳುಗಳ ಮೇಲೆ ಅದು ಮೊದಲ ಸಲ. ಕಟಾಂಜನವನ್ನು ಹಿಡಿದುಕೊಂಡೆ. ಸಿಬ್ಬಂದಿಯವನೊಬ್ಬ ಉದ್ದ ಕೋಲು ಹಿಡಿದು, ಮತ್ತೆ ಮೊದಲಿನಿಂದ ಕೂರಿಸಲು ಬಂದು ಅವಳ ಎದುರು ಕಾಯುತ್ತ ನಿಂತ.

ಅವಳ ಕೈ ಇನ್ನೂ ಕೆಂಪು ಹಿಡಿಯ ಮೇಲೆಯೇ ಇತ್ತು. ಬಿಡು ಎಂದು ನಾನು ಹೇಳಲಿಲ್ಲ.